ಲೆಕ್ಕದ ಪುಸ್ತಕ ಹೆಣ್ಣಿನ ಕೈಗೆ ಬಂದಾಗ

ಕಳೆದ ರಜಬ್ ತಿಂಗಳಲ್ಲಿ ಮದ್ರಸದ ಪೋಷಕರ ಸಭೆ ಮುಗಿಸಿ ಹೊರಡುವಾಗ ಊರಿನ ಒಬ್ಬ ಹಾಜಿಯವರು ನನ್ನನ್ನು ಬದಿಗೆ ಕರೆದರು. ಪೇಟೆಯಲ್ಲಿ ಅವರದ್ದು ಹಾರ್ಡ್‌ವೇರ್ ಅಂಗಡಿ. "ಉಸ್ತಾದ್, ಅಂಗಡಿಯ ಲೆಕ್ಕ ನೋಡಲಿಕ್ಕೆ ನಂಬಿಕೆಯ ಹುಡುಗ ಯಾರಾದರೂ ಇದ್ದರೆ ಹೇಳಿ. ಜಿಎಸ್‌ಟಿ ಎಲ್ಲ ಗೊತ್ತಿರಬೇಕು. ಇದ್ದವನು ಗಲ್ಫಿಗೆ ಹೋದ" ಅಂದರು. "ನೋಡುವ ಹಾಜಿಯವರೇ, ಯಾರಾದರೂ ಸಿಕ್ಕಿದರೆ ಹೇಳ್ತೇನೆ" ಅಂತ ನಾನೂ ಹೇಳಿ ಬಂದೆ. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಯ ಹತ್ತಿರ ಈ ವಿಷಯ ತೆಗೆದೆ. ಅವಳು ಅನ್ನ ಬಡಿಸುತ್ತಾ ಕೇಳಿದ್ದು ಒಂದೇ ಮಾತು: "ಅವರ ಮಗಳು ಬಿ.ಕಾಂ. ಮುಗಿಸಿ ಮನೆಯಲ್ಲೇ ಇದ್ದಾಳಲ್ವಾ?"

ಹೌದು, ಇದ್ದಾಳೆ. ನನ್ನಲ್ಲೇ ಮದ್ರಸ ಕಲಿತ ಹುಡುಗಿ. ಲೆಕ್ಕದಲ್ಲಿ ಚುರುಕು. ಆದರೆ ಆ ಹೊತ್ತಿಗೆ ಅವಳ ಬಾಪನಿಗೂ ಅವಳ ನೆನಪಾಗಲಿಲ್ಲ, ಅವಳ ಉಸ್ತಾದನಿಗೂ ಆಗಲಿಲ್ಲ. ಬೇಡ ಎಂದು ಯಾರೂ ಹೇಳಿದ್ದಲ್ಲ. ಹೊಳೆಯಲೇ ಇಲ್ಲ, ಅಷ್ಟೇ.

ಈ ಮಾತು ಬಹಳ ದಿನ ನನ್ನನ್ನು ಕೊರೆಯುತ್ತಿತ್ತು. ಬೇರೆ ಬೇರೆ ನಾಡುಗಳಲ್ಲಿ ಹೆಂಗಸರು ಬ್ಯಾಂಕು, ಕಂಪೆನಿ, ಸಂಸ್ಥೆ ನಡೆಸುವ ಜಾಗಕ್ಕೆ ಹೇಗೆ ಬಂದರು ಎಂದು ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಎಲ್ಲ ಕಡೆ ದಾರಿ ಒಂದೇ ಅಲ್ಲ. ಒಂದು ಕಡೆ ಮನೆತನದ ಮೂಲಕ ಬಂದರು, ಇನ್ನೊಂದು ಕಡೆ ಸಂಘ ಕಟ್ಟಿ ಬಂದರು, ಮತ್ತೊಂದು ಕಡೆ ಸಂತೆಯಲ್ಲಿ ವ್ಯಾಪಾರ ಮಾಡಿ ಬಂದರು, ಕೆಲವೆಡೆ ಸರಕಾರ ಕಾನೂನು ಮಾಡಿ ಬಾಗಿಲು ತೆರೆಯಬೇಕಾಯಿತು. ಆದರೆ ಎಲ್ಲ ಕಥೆಯಲ್ಲೂ ಒಂದು ಸಂಗತಿ ಸಮಾನ ಉಂಟು. ಯಾವುದೋ ಒಂದು ಹಂತದಲ್ಲಿ ನಿಜವಾದ ಲೆಕ್ಕದ ಪುಸ್ತಕ, ನಿಜವಾದ ಜವಾಬ್ದಾರಿ ಅವರ ಕೈಗೆ ಬಂದಿದೆ.

ಹಜ್ಜ್ ಉಳಿತಾಯದ ಮನೆಯಿಂದ ಬ್ಯಾಂಕಿಗೆ

ಮಲೇಷ್ಯಾದಿಂದ ಶುರು ಮಾಡುವ. ಅಲ್ಲಿನ ಹಳ್ಳಿಗಳಲ್ಲಿ ಹಜ್ಜ್‌ಗೆ ಹೋಗಲು ಜನ ಹಿಂದೆ ಗದ್ದೆ ಮಾರುತ್ತಿದ್ದರು, ಜಾನುವಾರು ಮಾರುತ್ತಿದ್ದರು, ದುಡ್ಡನ್ನು ಮನೆಯಲ್ಲೇ ಅಡಗಿಸಿ ಇಡುತ್ತಿದ್ದರು. ಬಡ್ಡಿಯ ಹೆದರಿಕೆಯಿಂದ ಬ್ಯಾಂಕಿಗೆ ಹಾಕುತ್ತಿರಲಿಲ್ಲ. ಹಜ್ಜ್ ಮುಗಿಸಿ ಬಂದ ಮೇಲೆ ಕೈ ಬರಿದು. ನಮ್ಮ ಅಜ್ಜಂದಿರ ಕಥೆಯೂ ಹೆಚ್ಚು ಬೇರೆ ಅಲ್ಲ. ಇದಕ್ಕೆ ಬಡ್ಡಿ ಇಲ್ಲದ ಉಳಿತಾಯ ನಿಧಿ ಬೇಕು ಎಂದು 1959ರಲ್ಲಿ ಒಬ್ಬ ಅರ್ಥಶಾಸ್ತ್ರಜ್ಞರು ಸರಕಾರಕ್ಕೆ ಬರೆದುಕೊಟ್ಟರು. ಅವರ ಹೆಸರು ಉಂಕು ಅಬ್ದುಲ್ ಅಝೀಝ್. 1963ರಲ್ಲಿ ಶುರುವಾದ ಆ ನಿಧಿಯೇ ಇವತ್ತಿನ ತಾಬುಂಗ್ ಹಾಜಿ.

ಅದೇ ಮನೆಯ ಮಗಳು ಝೇತಿ ಅಖ್ತರ್ ಅಝೀಝ್. ತಾಯಿ ಪತ್ರಕರ್ತೆ. ಝೇತಿ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ 1985ರಲ್ಲಿ ಆ ದೇಶದ ಕೇಂದ್ರ ಬ್ಯಾಂಕು ಸೇರಿದರು. ನಮ್ಮಲ್ಲಿ ರಿಸರ್ವ್ ಬ್ಯಾಂಕ್ ಇದ್ದ ಹಾಗೆ ಅಲ್ಲಿ ಬ್ಯಾಂಕ್ ನೆಗಾರ. ಒಂದೊಂದೇ ಮೆಟ್ಟಿಲು ಹತ್ತುತ್ತಾ ಸಹಾಯಕ ಗವರ್ನರ್ ಆದರು.

1997ರಲ್ಲಿ ಏಷ್ಯಾದ ಹಣದ ಬಿಕ್ಕಟ್ಟು ಬಂತು. ಒಂದು ಡಾಲರಿಗೆ ಎರಡೂವರೆ ಇದ್ದ ರಿಂಗಿಟ್ 1998ರ ಜನವರಿಯಲ್ಲಿ 4.88ರವರೆಗೆ ಬಿತ್ತು. ಏನು ಮಾಡಬೇಕು ಎಂಬುದರಲ್ಲಿ ಸರಕಾರಕ್ಕೂ ಬ್ಯಾಂಕಿನ ಮೇಲಿನವರಿಗೂ ಒಮ್ಮತ ಇರಲಿಲ್ಲ. ಆಗಸ್ಟ್ ಕೊನೆಗೆ ಗವರ್ನರ್ ಮತ್ತು ಉಪಗವರ್ನರ್ ಇಬ್ಬರೂ ರಾಜೀನಾಮೆ ಕೊಟ್ಟು ಹೊರಟರು. ಉರಿಯುವ ಮನೆಯ ಬೀಗದ ಕೈ ಝೇತಿಯವರ ಕೈಗೆ ಬಂತು. ಹಂಗಾಮಿ ಗವರ್ನರ್ ಆಗಿ ಅವರು ಸೆಪ್ಟೆಂಬರಿನಲ್ಲಿ ಹಣ ದೇಶದಿಂದ ಹೊರಗೆ ಹೋಗದಂತೆ ನಿರ್ಬಂಧ ಹಾಕುವುದನ್ನೂ, ಡಾಲರಿಗೆ 3.80 ರಿಂಗಿಟ್ ಎಂದು ದರ ಕಟ್ಟುವುದನ್ನೂ ಜಾರಿಗೆ ತಂದರು. ಹೊರದೇಶದ ಪಂಡಿತರು ಬಹಳ ಟೀಕೆ ಮಾಡಿದರು. ದೇಶ ಚೇತರಿಸಿಕೊಂಡಿತು. 2000ದಲ್ಲಿ ಅವರೇ ಪೂರ್ಣ ಗವರ್ನರ್ ಆದರು, ಆ ಕುರ್ಚಿಯಲ್ಲಿ ಕುಳಿತ ಮೊದಲ ಹೆಂಗಸು. ಕಟ್ಟಿದ್ದ ದರವನ್ನು 2005ರಲ್ಲಿ ಬಿಚ್ಚಿದ್ದೂ ಅವರ ಕಾಲದಲ್ಲೇ. 2016ರವರೆಗೆ ಇದ್ದರು. ಇಸ್ಲಾಮಿಕ್ ಬ್ಯಾಂಕಿಂಗ್ ಎಂದರೆ ಲೋಕ ಇವತ್ತು ಕೌಲಾಲಂಪುರದ ಕಡೆ ನೋಡುವುದಕ್ಕೆ ಅವರ ಆ 16 ವರ್ಷದ ಕೆಲಸ ದೊಡ್ಡ ಕಾರಣ.

ಅವರಿಗೆ ಒಳ್ಳೆಯ ಮನೆ ಇತ್ತು, ಓದು ಇತ್ತು, ಸರಿ. ಆದರೆ 1998ರಲ್ಲಿ ಆ ಬೀಗದ ಕೈ ಹಿಡಿಯಲು ಸಾಧ್ಯವಾದದ್ದು ಅದಕ್ಕಿಂತ ಮೊದಲು 13 ವರ್ಷ ಅದೇ ಬ್ಯಾಂಕಿನ ಒಳಗೆ ಕೆಲಸ ಮಾಡಿದ್ದರಿಂದ.

ಭೋಪಾಲದ ಬೇಗಂಗಳು

ಮನೆತನದ ದಾರಿ ಎಂದರೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆ ಉಂಟು. 1819ರಲ್ಲಿ ಭೋಪಾಲದ ನವಾಬರು ಗುಂಡು ತಗಲಿ ತೀರಿಹೋದಾಗ ಪತ್ನಿ ಖುದ್ಸಿಯಾ ಬೇಗಂಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಮಡಿಲಲ್ಲಿ ಹಾಲು ಕುಡಿಯುವ ಹೆಣ್ಣುಮಗು ಸಿಕಂದರ್. ಮಗುವೇ ವಾರಸುದಾರಳು, ಅವಳು ಬೆಳೆಯುವವರೆಗೆ ಆಡಳಿತ ನನ್ನದು ಎಂದು ಖುದ್ಸಿಯಾ ಹೇಳಿದರು. ಅಲ್ಲಿಂದ 1926ರವರೆಗೆ, ನಡುವೆ ಕೆಲವು ವರ್ಷ ಬಿಟ್ಟರೆ, ನಾಲ್ಕು ತಲೆಮಾರಿನ ಬೇಗಂಗಳೇ ಭೋಪಾಲ ಆಳಿದರು.

ಇವರಲ್ಲಿ ಸಿಕಂದರ್ ಬೇಗಂ ಆಡಳಿತಗಾರ್ತಿ ಎಂದರೆ ಆಡಳಿತಗಾರ್ತಿ. ಭೂಮಿ ಅಳತೆ ಮಾಡಿಸಿದರು, ಕಂದಾಯದ ವ್ಯವಸ್ಥೆ ಸರಿ ಮಾಡಿದರು, ರಾಜ್ಯದ ಸಾಲ ತೀರಿಸಿದರು. 1863ರಲ್ಲಿ ತಾಯಿಯನ್ನೂ ಕರೆದುಕೊಂಡು ಹಜ್ಜ್‌ಗೆ ಹೊರಟರು, ಆ ಪ್ರಯಾಣದ ಬಗ್ಗೆ ಬರೆದೂ ಇಟ್ಟರು. ನನಗೆ ಇದೆಲ್ಲಕ್ಕಿಂತ ಹಿಡಿಸಿದ್ದು ಮೊಮ್ಮಗಳು ಸುಲ್ತಾನ್ ಜಹಾನಳನ್ನು ಅವರು ಬೆಳೆಸಿದ ರೀತಿ. ಆ ಹುಡುಗಿಗೆ ದಿನದ ಟೈಂಟೇಬಲ್ ಇತ್ತು. ಕುರ್‌ಆನ್, ಪಾರ್ಸಿ, ಇಂಗ್ಲಿಷ್, ಕೈಬರಹ, ಲೆಕ್ಕ, ಮೇಲಿಂದ ಕುದುರೆ ಸವಾರಿ. ಮುಂದೆ ಇವಳು ರಾಜ್ಯ ನಡೆಸಬೇಕಾದವಳು ಎಂದು ತಿಳಿದೇ ಬೆಳೆಸಿದ್ದು. ಆ ಮೊಮ್ಮಗಳೇ 1901ರಿಂದ ಆಳಿದರು, 1920ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿಯಾದರು.

ಅರಮನೆಯ ಕಥೆ ನಮಗ್ಯಾಕೆ ಅನ್ನಬಹುದು. ಹಾಗಾದರೆ ನಮ್ಮವರು ಕೆಲಸಕ್ಕೆ ಹೋಗುವ ದುಬೈಯನ್ನೇ ನೋಡಿ. ರಾಜಾ ಅಲ್ ಗುರ್ಗ್ ಎಂಬವರು ಅಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ಅನೇಕ ವರ್ಷ ಕೆಲಸ ಮಾಡಿದವರು. ತಂದೆ ಈಸಾ ಸಾಲಿಹ್ ಅಲ್ ಗುರ್ಗ್ ದೊಡ್ಡ ವ್ಯಾಪಾರಿ, 1991ರಿಂದ ಲಂಡನ್ನಿನಲ್ಲಿ ಯುಎಇ ರಾಯಭಾರಿ. 1990ರ ಸುಮಾರಿಗೆ ಮಗಳು ಶಾಲೆ ಬಿಟ್ಟು ಮನೆತನದ ಕಂಪೆನಿಗೆ ಬಂದರು. ಮುಂದೆ ಅದರ ಆಡಳಿತ ನಿರ್ದೇಶಕಿ, ದುಬೈ ವ್ಯಾಪಾರಿ ಮಹಿಳೆಯರ ಮಂಡಳಿಗೂ ಅಧ್ಯಕ್ಷೆ. ಶಾಲೆ ನಡೆಸಿದವಳಿಗೆ ಕಂಪೆನಿ ನಡೆಸಲು ಬರುತ್ತದೋ ಎಂದು ತಂದೆ ಅನುಮಾನ ಪಟ್ಟಿದ್ದರೆ ಆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ದೊಡ್ಡ ಮನೆತನ ಇಲ್ಲದವರು

ಮನೆತನ ಇದ್ದವರಿಗೆ ಅದು ಒಂದು ದಾರಿ. ಇಲ್ಲದವರು ಏನು ಮಾಡಿದರು? ಇಂಡೋನೇಷ್ಯಾದ ಯೋಗ್ಯಕರ್ತಾ ಪಟ್ಟಣಕ್ಕೆ ಹೋಗುವ. ಅಲ್ಲಿ 1912ರಲ್ಲಿ ಅಹ್ಮದ್ ದಹ್ಲಾನ್ ಎಂಬ ಆಲಿಮರು ಮುಹಮ್ಮದೀಯಾ ಎಂಬ ಸಂಘಟನೆ ಶುರು ಮಾಡಿದರು. ಅವರ ಪತ್ನಿ ಸಿತಿ ವಲೀದಾ ನೆರೆಕರೆಯ ಹೆಂಗಸರನ್ನು ಕೂಡಿಸಿ ಕುರ್‌ಆನ್ ಓದುವ, ಅಕ್ಷರ ಕಲಿಯುವ ಒಂದು ಕೂಟ ಮಾಡಿದರು. 1917ರಲ್ಲಿ ಅದು ಆಯಿಷಿಯಾ ಎಂಬ ಹೆಸರಿನ ಸಂಘಟನೆಯಾಯಿತು. ಹೆಸರು ಹಝ್ರತ್ ಆಯಿಷಾ (ರ.ಅ.) ಅವರದ್ದು. 1919ರಲ್ಲಿ ಮಕ್ಕಳ ಶಾಲೆ ತೆರೆದರು. 1926ರಲ್ಲಿ ಸುರಬಾಯದಲ್ಲಿ ನಡೆದ ಮುಹಮ್ಮದೀಯಾದ ಮಹಾಸಭೆಯ ಅಧ್ಯಕ್ಷತೆ ವಹಿಸಿದ್ದು ಇದೇ ಸಿತಿ ವಲೀದಾ.

ಇವತ್ತು ಆಯಿಷಿಯಾದ ಹೆಂಗಸರು ಸಾವಿರಾರು ಶಿಶುವಿಹಾರ ನಡೆಸುತ್ತಾರೆ. ಹೆರಿಗೆ ಆಸ್ಪತ್ರೆಗಳಿವೆ, ಯೋಗ್ಯಕರ್ತಾದಲ್ಲಿ ಒಂದು ವಿಶ್ವವಿದ್ಯಾಲಯವೂ ಉಂಟು. ಒಂದು ಶಿಶುವಿಹಾರ ನಡೆಸಬೇಕಾದರೆ ಫೀಸು ಲೆಕ್ಕ ಇಡಬೇಕು, ಟೀಚರುಗಳಿಗೆ ಸಂಬಳ ಕೊಡಬೇಕು, ಮಾಡು ಸೋರಿದರೆ ರಿಪೇರಿಯವನನ್ನು ಹುಡುಕಬೇಕು, ತಂದೆ ತಾಯಿಯ ದೂರು ಕೇಳಬೇಕು. ಮ್ಯಾನೇಜ್‌ಮೆಂಟ್ ಎಂದು ಕಾಲೇಜಿನಲ್ಲಿ ಕಲಿಸುವುದು ಇದನ್ನೇ ಅಲ್ವಾ? ಸಣ್ಣ ಸಂಸ್ಥೆ ನಡೆಸಿದವಳು ಜಿಲ್ಲಾ ಮಟ್ಟಕ್ಕೆ, ಅಲ್ಲಿಂದ ಮೇಲಕ್ಕೆ. ನೂರು ವರ್ಷ ಇದು ನಡೆದ ಮೇಲೆ ಆ ಸಮಾಜದಲ್ಲಿ ಹೆಂಗಸು ಸಭೆಯ ಮುಂದೆ ಕುಳಿತರೆ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಅದೇ ದೇಶದ ಹಣಕಾಸು ಸಚಿವೆಯಾಗಿ ಶ್ರೀ ಮುಲ್ಯಾನಿ ಇಂದ್ರಾವತಿ ಎರಡು ಸರದಿಯಲ್ಲಿ ಅನೇಕ ವರ್ಷ ಕೆಲಸ ಮಾಡಿದರು, ನಡುವೆ ವಿಶ್ವ ಬ್ಯಾಂಕಿನಲ್ಲೂ ದೊಡ್ಡ ಹುದ್ದೆಯಲ್ಲಿದ್ದರು.

ಆಫ್ರಿಕಾದ ಪಶ್ಚಿಮ ಕರಾವಳಿಯ ಟೋಗೊ ದೇಶದಲ್ಲಿ ಇನ್ನೊಂದು ದಾರಿ. ರಾಜಧಾನಿ ಲೋಮೆಯ ದೊಡ್ಡ ಮಾರುಕಟ್ಟೆಯಲ್ಲಿ ಬಣ್ಣದ ಬಟ್ಟೆಯ ಸಗಟು ವ್ಯಾಪಾರ ಹೆಂಗಸರ ಕೈಯಲ್ಲಿತ್ತು. ಹಾಲೆಂಡಿನ ಕಂಪೆನಿಯಿಂದ ಬರುವ ಬಟ್ಟೆಯಲ್ಲಿ ಯಾವ ಚಿತ್ತಾರ ಯಾವ ಊರಿನಲ್ಲಿ ಓಡುತ್ತದೆ ಎಂದು ಅವರಿಗೇ ಗೊತ್ತು. ಚಿತ್ತಾರಕ್ಕೆ ಹೆಸರಿಡುವವರೂ ಅವರೇ. ಹೆಚ್ಚಿನವರು ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಆದರೆ ಒಂದೊಂದು ಚಿತ್ತಾರವನ್ನು ಒಬ್ಬೊಬ್ಬಳೇ ಮಾರುವ ಹಕ್ಕನ್ನು ಕಂಪೆನಿಯಿಂದ ಪಡೆದಿದ್ದರು. 1960, 70ರ ದಶಕದಲ್ಲಿ ಅವರು ಮರ್ಸಿಡಿಸ್ ಬೆಂಝ್ ಕಾರು ಇಟ್ಟುಕೊಳ್ಳುವಷ್ಟು ಬೆಳೆದರು. ಜನ ಅವರನ್ನು ನಾನಾ ಬೆಂಝ್ ಎಂದೇ ಕರೆದರು. ಹೊರದೇಶದ ಅತಿಥಿಗಳು ಬಂದರೆ ಸರಕಾರವೇ ಇವರ ಕಾರು ಕೇಳಿ ಪಡೆಯುತ್ತಿತ್ತಂತೆ! ಮಕ್ಕಳನ್ನು ವಿದೇಶಕ್ಕೆ ಕಳಿಸಿ ಓದಿಸಿದರು. 1994ರಲ್ಲಿ ಅಲ್ಲಿನ ಹಣದ ಬೆಲೆ ಅರ್ಧಕ್ಕೆ ಇಳಿದಾಗ, ಆಮೇಲೆ ಚೀನಾದ ಅಗ್ಗದ ಬಟ್ಟೆ ಬಂದಾಗ ಈ ವ್ಯಾಪಾರಕ್ಕೆ ದೊಡ್ಡ ಪೆಟ್ಟು ಬಿತ್ತು. ಆದರೆ ಶಾಲೆ ಕಾಣದ ಹೆಂಗಸರು ಒಂದು ದೇಶದ ಸಗಟು ವ್ಯಾಪಾರ ನಡೆಸಿದ್ದು ಸುಳ್ಳಾಗುವುದಿಲ್ಲ.

ಕಾನೂನು ತೆರೆದ ಬಾಗಿಲು

ಇನ್ನು ನಾರ್ವೆ. ಮುಂದುವರಿದ ದೇಶ, ಹೆಣ್ಣುಮಕ್ಕಳಿಗೆ ಓದು ಉಂಟು, ನೌಕರಿ ಉಂಟು. ಆದರೂ 2000ದ ಹೊತ್ತಿಗೆ ದೊಡ್ಡ ಕಂಪೆನಿಗಳ ನಿರ್ದೇಶಕ ಮಂಡಳಿಯಲ್ಲಿ ನೂರಕ್ಕೆ ಹತ್ತು ಮಂದಿ ಹೆಂಗಸರೂ ಇರಲಿಲ್ಲ. ಕೇಳಿದರೆ, "ಯೋಗ್ಯತೆ ಇದ್ದವರು ಸಿಗುವುದಿಲ್ಲ" ಎಂಬ ಉತ್ತರ. ಹಾಜಿಯವರಿಗೆ ನಂಬಿಕೆಯ ಹುಡುಗ ಸಿಗದ ಹಾಗೆ! 2003ರಲ್ಲಿ ಸಂಸತ್ತು ಕಾನೂನು ಮಾಡಿತು. ಶೇರು ಸಾರ್ವಜನಿಕರಿಗೆ ಮಾರುವ ಕಂಪೆನಿಗಳ ಮಂಡಳಿಯಲ್ಲಿ ಗಂಡಾಗಲಿ ಹೆಣ್ಣಾಗಲಿ ಶೇಕಡಾ 40ಕ್ಕಿಂತ ಕಡಿಮೆ ಇರಬಾರದು, ತಪ್ಪಿದರೆ ಕಂಪೆನಿಯನ್ನೇ ಮುಚ್ಚಿಸಬಹುದು. 2008ಕ್ಕೆ ಲೆಕ್ಕ 40ಕ್ಕೆ ಬಂತು. ಸಿಗುವುದಿಲ್ಲ ಅಂದವರಿಗೆ ಐದು ವರ್ಷದಲ್ಲಿ ಸಿಕ್ಕಿದರು. ಮಾಲಕರ ಸಂಘವೇ ಹೆಂಗಸರನ್ನು ಹುಡುಕಿ ತರಬೇತಿ ಕೊಡಲು ಶುರು ಮಾಡಿತು.

ಆದರೆ ಮಂಡಳಿಯಲ್ಲಿ ಕುರ್ಚಿ ಬಂದಷ್ಟು ಸುಲಭವಾಗಿ ಕಂಪೆನಿಯ ದಿನನಿತ್ಯದ ಆಡಳಿತ ನಡೆಸುವ ಸಿಇಒ ಹುದ್ದೆ ಬರಲಿಲ್ಲ. ಅಲ್ಲಿ ಗಂಡಸರೇ ಹೆಚ್ಚು ಉಳಿದರು. ಕಾನೂನು ಬಾಗಿಲು ತೆರೆಯುತ್ತದೆ, ಒಳಗಿನ ಕೆಲಸ ಕಲಿಸುವವರು ಬೇರೆ ಬೇಕು.

ನಮ್ಮ ದೇಶದಲ್ಲೂ 2013ರ ಕಂಪೆನಿ ಕಾಯ್ದೆ ಶೇರುಪೇಟೆಯ ಕಂಪೆನಿಗಳಿಗೆ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿ ಬೇಕು ಅಂದಿತು. ಕೆಲವರು ಮನೆಯ ಹೆಂಗಸರ ಹೆಸರನ್ನೇ ಬರೆಸಿ ಕೈ ತೊಳೆದುಕೊಂಡರು. ಕರ್ನಾಟಕದ ಪಂಚಾಯತ್‌ಗಳಲ್ಲಿ ಅರ್ಧ ಸೀಟು ಮಹಿಳೆಯರಿಗೆ ಉಂಟು. ಅವರಲ್ಲಿ ಚೆನ್ನಾಗಿ ಕೆಲಸ ಮಾಡಿದ ಅಧ್ಯಕ್ಷೆಯರು ಬಹಳ ಮಂದಿ ಇದ್ದಾರೆ. ಆದರೆ ಸಹಿ ಅವಳದ್ದು, ಮಾತು ಗಂಡನದ್ದು ಎಂಬಂತಹ ಪಂಚಾಯತನ್ನೂ ನಾವೆಲ್ಲ ನೋಡಿದ್ದೇವೆ.

ಹಪ್ಪಳ ಮತ್ತು ಬೀಡಿ

ಈಗ ನಮ್ಮ ಮನೆಯ ಜಗಲಿಗೆ ಬರುವ.

1959ರ ಮಾರ್ಚ್‌ನಲ್ಲಿ ಮುಂಬೈಯ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಗುಜರಾತಿ ಹೆಂಗಸರು 80 ರೂಪಾಯಿ ಸಾಲ ಪಡೆದು ಮನೆಯ ತಾರಸಿಯಲ್ಲಿ ಹಪ್ಪಳ ಲಟ್ಟಿಸಿದರು. ಅದೇ ಲಿಜ್ಜತ್ ಪಾಪಡ್. ಇವತ್ತು 40 ಸಾವಿರಕ್ಕಿಂತ ಹೆಚ್ಚು ಹೆಂಗಸರು ಅದರಲ್ಲಿ ಇದ್ದಾರೆ. ಕೆಲಸದ ಕ್ರಮ ಹೀಗೆ: ಬೆಳಿಗ್ಗೆ ಬ್ರಾಂಚಿಗೆ ಹೋಗಿ ಕಲಸಿದ ಹಿಟ್ಟು ತರುವುದು, ಮನೆಯಲ್ಲಿ ಲಟ್ಟಿಸುವುದು, ಮರುದಿನ ಹಪ್ಪಳ ಕೊಟ್ಟು ಮಜೂರಿ ಪಡೆಯುವುದು.

ಇದನ್ನು ಓದುವಾಗ ನನಗೆ ನನ್ನ ಉಮ್ಮನ ನೆನಪಾಯಿತು. ಬ್ರಾಂಚಿಗೆ ಹೋಗಿ ಎಲೆ ಮತ್ತು ಹೊಗೆಸೊಪ್ಪು ತರುವುದು, ಮನೆಯಲ್ಲಿ ತಡ್ಪೆ ಇಟ್ಟು ಬೀಡಿ ಕಟ್ಟುವುದು, ಮರುದಿನ ಬೀಡಿ ಕೊಟ್ಟು ಮಜೂರಿ ಪಡೆಯುವುದು. ಎರಡಕ್ಕೂ ಕೂದಲಿನಷ್ಟು ವ್ಯತ್ಯಾಸ ಇಲ್ಲ. ನಮ್ಮಲ್ಲಿ ಎಷ್ಟೋ ಮಕ್ಕಳ ಫೀಸು, ಎಷ್ಟೋ ಮದುವೆಯ ಬಂಗಾರ ಆ ತಡ್ಪೆಯಿಂದ ಬಂದಿದೆ.

ಆದರೆ ಒಂದು ವ್ಯತ್ಯಾಸ ಉಂಟು, ಅದು ಕೂದಲಿನಷ್ಟಲ್ಲ. ಲಿಜ್ಜತ್‌ನಲ್ಲಿ ಲಟ್ಟಿಸುವವಳೇ ಮಾಲಕಿ. ಲಾಭ ಬಂದರೆ ಸದಸ್ಯೆಯರಿಗೆ ಪಾಲು, ನಷ್ಟವಾದರೂ ಅವರದ್ದೇ. ಬ್ರಾಂಚು ನೋಡಿಕೊಳ್ಳುವವಳೂ ಒಂದು ಕಾಲದಲ್ಲಿ ಹಪ್ಪಳ ಲಟ್ಟಿಸಿದವಳೇ. ಮೊದಲ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ನನ್ನ ಉಮ್ಮ ಕಾರ್ಡಿನಲ್ಲಿ ಬರೆದ ಲೆಕ್ಕವನ್ನು ಸರಿ ಉಂಟೋ ಇಲ್ಲವೋ ಎಂದು ಪ್ರತಿವಾರ ನೋಡುತ್ತಿದ್ದರು. ಬೆರಳಲ್ಲೇ ಎಣಿಸಿ ತಪ್ಪು ಹಿಡಿಯುತ್ತಿದ್ದರು. ಆದರೆ ಆ ಲೆಕ್ಕ ಬರೆಯುವ ಪೆನ್ನು ಒಂದು ದಿನವೂ ಅವರ ಕೈಗೆ ಬರಲಿಲ್ಲ. ಕೈಕೆಲಸದಲ್ಲಿ ಅವರು ಯಾರಿಗೂ ಕಡಿಮೆ ಇರಲಿಲ್ಲ, ಬುದ್ಧಿಯಲ್ಲಿ ಮೊದಲೇ ಅಲ್ಲ.

ನಮ್ಮ ಮನೆಗಳಲ್ಲಿ

ಗಂಡ ಗಲ್ಫಿನಲ್ಲಿರುವ ಮನೆಗಳನ್ನು ನೋಡಿ. ಮನೆ ಕಟ್ಟಿಸುವುದು ಯಾರು? ಮೇಸ್ತ್ರಿ ಹತ್ತಿರ ಜಗಳ ಮಾಡಿ ಕೆಲಸ ತೆಗೆಸುವುದು, ಕಂಬಿ ಸಿಮೆಂಟಿನ ರೇಟು ವಿಚಾರಿಸುವುದು, ಬ್ಯಾಂಕಿಗೆ ಓಡುವುದು, ಮಕ್ಕಳ ಸ್ಕೂಲು, ಅತ್ತೆಯ ಮದ್ದು, ಕುಟುಂಬದ ಮದುವೆಗೆ ಎಷ್ಟು ಕೊಡಬೇಕು ಎಂಬ ಲೆಕ್ಕ. ಇಷ್ಟೆಲ್ಲ ನಡೆಸುವವಳ ಬಗ್ಗೆ ಕೇಳಿದರೆ, "ಅವಳು ಮನೆಯಲ್ಲೇ, ಕೆಲಸ ಏನೂ ಇಲ್ಲ" ಅಂತೇವೆ. ರಿಜಿಸ್ಟರ್ ಮಾಡಿಸುವ ದಿನ ಮಾತ್ರ ಮಾತಾಡಲು ಅಣ್ಣನೋ ಮೈದುನನೋ ಬರಬೇಕು.

ಇದು ಧರ್ಮ ಹೇಳಿದ್ದು ಎಂದು ಯಾರಾದರೂ ಹೇಳಿದರೆ, ಮದ್ರಸದಲ್ಲಿ ಕಲಿಸುವವನಾಗಿ ನಾನು ಒಂದೇ ಹೆಸರು ನೆನಪಿಸುತ್ತೇನೆ. ಹಝ್ರತ್ ಖದೀಜಾ (ರ.ಅ.) ಮಕ್ಕಾದ ದೊಡ್ಡ ವ್ಯಾಪಾರಿ. ಶಾಮ್ ದೇಶಕ್ಕೆ ಸರಕು ಕಳಿಸುತ್ತಿದ್ದರು. ಯಾರನ್ನು ನಂಬಿ ಕಳಿಸಬೇಕು, ಲಾಭದಲ್ಲಿ ಎಷ್ಟು ಪಾಲು ಕೊಡಬೇಕು ಎಂದು ತೀರ್ಮಾನಿಸುತ್ತಿದ್ದವರು ಅವರೇ. ಪ್ರವಾದಿ (ಸ) ಅವರ ಪ್ರಾಮಾಣಿಕತೆಯನ್ನು ಕೇಳಿ ತಿಳಿದು ಆ ಜವಾಬ್ದಾರಿ ಒಪ್ಪಿಸಿದ್ದೂ ಅವರೇ. ಮಕ್ಕಳಿಗೆ ಈ ಪಾಠವನ್ನು ನಾವು ಪ್ರತಿವರ್ಷ ಮಾಡುತ್ತೇವೆ. ಪರೀಕ್ಷೆಯಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಮಾರ್ಕು ತೆಗೆಯುತ್ತಾರೆ.

ನಮ್ಮ ಹುಡುಗಿಯರು ಇವತ್ತು ಬಿ.ಕಾಂ., ಎಂ.ಕಾಂ., ಎಂಬಿಎ ಓದುತ್ತಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಸರ್ಟಿಫಿಕೇಟು ಕಪಾಟಿನಲ್ಲಿ ಇಟ್ಟರೆ ಯಾರೂ ನಾಯಕಿ ಆಗುವುದಿಲ್ಲ. ದೊಡ್ಡದೇನೂ ಬೇಡ. ಅಂಗಡಿ ಇದ್ದವರು ತಿಂಗಳ ಲೆಕ್ಕವನ್ನು ಮಗಳ ಕೈಗೆ ಕೊಟ್ಟು ನೋಡಿ. ತಪ್ಪಿದರೆ ಮಗನಿಗೆ ಹೇಳಿಕೊಟ್ಟ ಹಾಗೆ ಅವಳಿಗೂ ಹೇಳಿಕೊಡಿ. ಗಲ್ಫಿನಲ್ಲಿರುವ ತಮ್ಮಂದಿರೇ, ಮನೆ ಕಟ್ಟಿಸಿದ್ದು ಅವಳಾದರೆ ಮೇಸ್ತ್ರಿಯ ಕೊನೆಯ ಲೆಕ್ಕ ಮುಗಿಸುವ ಅಧಿಕಾರವನ್ನೂ ಅವಳಿಗೇ ಬಿಡಿ. ಸ್ವಸಹಾಯ ಸಂಘದಲ್ಲಿ ಇರುವ ಉಮ್ಮಂದಿರು ಪುಸ್ತಕ ಬರೆಯುವ ಕೆಲಸವನ್ನು ಒಬ್ಬಳಿಗೇ ಬಿಡದೆ ವರ್ಷಕ್ಕೊಬ್ಬರಂತೆ ಕಲಿಯಲಿ. ಹೆಣ್ಣುಮಕ್ಕಳ ಶಾಲೆ ಕಾಲೇಜು ನಡೆಸುವ ಕಮಿಟಿಗಳಲ್ಲಿ, ಅಲ್ಲೇ ಓದಿ ಹೊರಬಂದವರಿಗೆ ಒಂದೆರಡು ಕುರ್ಚಿ ಇರಲಿ. ಕುರ್ಚಿ ಕೊಟ್ಟ ಮೇಲೆ ಮಾತಾಡಲಿಕ್ಕೂ ಬಿಡಬೇಕು.

ಹೆಂಡತಿ ಕೇಳಿದ ಮಾರನೇ ವಾರ ನಾನು ಹಾಜಿಯವರ ಅಂಗಡಿಗೆ ಹೋಗಿದ್ದೆ. "ಯಾರಾದರೂ ಸಿಕ್ಕಿದರಾ ಉಸ್ತಾದ್?" ಅಂತ ಅವರೇ ಕೇಳಿದರು. "ಸಿಕ್ಕಿದ್ದಾಳೆ ಹಾಜಿಯವರೇ, ನಿಮ್ಮ ಮನೆಯಲ್ಲೇ ಇದ್ದಾಳೆ" ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂಗಡಿಯಲ್ಲಿ ಕೂರಿಸಲಿಕ್ಕೆ ಆಗ್ಲಿಕ್ಕಿಲ್ಲ ಉಸ್ತಾದ್, ಜನ ಏನು ಹೇಳಿಯಾರು" ಅಂದರು. "ಕೂರಿಸುವ ಮಾತು ಆಮೇಲೆ. ಪುಸ್ತಕವನ್ನು ಮೊದಲು ಮನೆಗೆ ತೆಗೆದುಕೊಂಡು ಹೋಗಿ" ಅಂದೆ.

ಆ ರಾತ್ರಿ ಪುಸ್ತಕ ಮನೆಗೆ ಹೋಯಿತು ಎಂದು ಆಮೇಲೆ ಗೊತ್ತಾಯಿತು. ಎರಡು ತಿಂಗಳ ಹಿಂದಿನ ಒಂದು ಬಿಲ್ಲು ಎರಡು ಸಲ ಬರೆದದ್ದನ್ನು ಹುಡುಗಿ ಮೊದಲ ದಿನವೇ ಹಿಡಿದಳಂತೆ. ಹಾಜಿಯವರು ಈಗ ಹುಡುಗನನ್ನು ಹುಡುಕುವುದನ್ನು ನಿಲ್ಲಿಸಿದ್ದಾರೆ. ಅವಳನ್ನು ಅಂಗಡಿಗೆ ಕರೆಯುವ ವಿಷಯ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.